ನೋವಾಗುತ್ತದೆ ಎಂದು ಮೊದಲೇ ಹೇಳಿದರೆ

ಆಪರೇಷನ್ನಿನ ಹಿಂದಿನ ದಿನ ನೋಡಲು ಬಂದವರೆಲ್ಲ ರೋಗಿಗೆ ಹೇಳುವುದು ಒಂದೇ ಮಾತು: 'ಏನೂ ಆಗಲ್ಲ, ಧೈರ್ಯವಾಗಿರಿ.' ರೋಗಿ ತಲೆಯಾಡಿಸುತ್ತಾರೆ, ರಾತ್ರಿ ನಿದ್ದೆ ಮಾತ್ರ ಹತ್ತುವುದಿಲ್ಲ. ಏನೋ ಆಗಿಯೇ ಆಗುತ್ತದೆ ಎಂಬುದು ಅವರಿಗೂ ಗೊತ್ತು. ಏನು ಅಂತಲೇ ಗೊತ್ತಿರುವುದಿಲ್ಲ.

1960ರ ದಶಕದ ಮೊದಲ ವರ್ಷಗಳಲ್ಲಿ ಅಮೆರಿಕದ ಬಾಸ್ಟನ್ನಿನ ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಯ ಅರಿವಳಿಕೆ ತಜ್ಞ ಲಾರೆನ್ಸ್ ಎಗ್‌ಬರ್ಟ್ ಮತ್ತು ಸಂಗಡಿಗರು ಇದಕ್ಕೆ ತದ್ವಿರುದ್ಧವಾದದ್ದನ್ನು ಮಾಡಿ ನೋಡಿದರು. ಹೊಟ್ಟೆಯ ಆಪರೇಷನ್ನಿಗೆ ಬಂದಿದ್ದ 97 ಮಂದಿಯನ್ನೂ ಅರಿವಳಿಕೆ ತಜ್ಞರು ಮುಂಚೆಯೇ ಹೋಗಿ ಮಾತಾಡಿಸಿದರು. ಆದರೆ ಆಮೇಲಿನ ನೋವಿನ ವಿಷಯ ಎತ್ತಿದ್ದು 46 ಮಂದಿಯ ಹತ್ತಿರ ಮಾತ್ರ.

ಅವರಿಗೆ ಹೇಳಿದ್ದು ಇಷ್ಟು. ಎಚ್ಚರವಾದ ಮೇಲೆ ನೋವಾಗುತ್ತದೆ. ಇಂಥ ಜಾಗದಲ್ಲಿ, ಇಷ್ಟು ಜೋರಾಗಿ, ಇಷ್ಟು ದಿನ. ಅದು ಸಹಜ. ಕೊಯ್ದ ಜಾಗದ ಕೆಳಗಿನ ಸ್ನಾಯುಗಳು ಬಿಗಿದುಕೊಳ್ಳುವುದರಿಂದ ನೋವು ಹೆಚ್ಚುತ್ತದೆ, ಆದ್ದರಿಂದ ನಿಧಾನವಾಗಿ ಉಸಿರೆಳೆದು ಹೊಟ್ಟೆ ಸಡಿಲ ಬಿಡಿ. ಮಗ್ಗುಲು ಬದಲಿಸುವಾಗ ಹೊಟ್ಟೆಯ ಬಲ ಹಾಕಬೇಡಿ, ಕೈಕಾಲಿನ ಬಲ ಬಳಸಿ. ಇಷ್ಟು ಮಾಡಿಯೂ ತಾಳಲಾಗದಿದ್ದರೆ ಔಷಧಿ ಕೇಳಿ. ಆಪರೇಷನ್ ಆದ ಮೇಲೂ ಅದೇ ವೈದ್ಯರು ಬಂದು ಇದನ್ನೇ ಮತ್ತೆ ಹೇಳಿಕೊಟ್ಟರು.

ಈ 46 ಮಂದಿಗೆ ಮಾರ್ಫಿನ್‌ನಂಥ ನೋವಿನ ಔಷಧಿ ಸುಮಾರು ಅರ್ಧದಷ್ಟೇ ಸಾಕಾಯಿತು. ಸರಾಸರಿ 2.7 ದಿನ ಮೊದಲೇ ಅವರು ಮನೆಗೆ ಹೋದರು. ಯಾರು ಯಾವ ಗುಂಪಿನವರೆಂಬುದು ಮನೆಗೆ ಕಳಿಸಿದ ಸರ್ಜನ್ನರಿಗೆ ತಿಳಿದಿರಲಿಲ್ಲ. 1964ರಲ್ಲಿ ಪ್ರಕಟವಾದ ಈ ಪ್ರಯೋಗದಲ್ಲಿ ನನಗೆ ತುಂಬಾ ಹಿಡಿಸುವುದು ಈ ಗುಟ್ಟೇ.

ಮಾತಿನಿಂದ ಗಾಯಕ್ಕೇನು ಸಂಬಂಧ ಎಂದು ಕೇಳಬಹುದು. ಸಂಬಂಧ ಇದೆ. ಆತಂಕದಲ್ಲಿ ಹೆಚ್ಚುವ ಕಾರ್ಟಿಸೋಲ್ ಹಾರ್ಮೋನು ಗಾಯ ಮಾಯಲು ಮೊದಲು ಆಗಬೇಕಾದ ಉರಿಯೂತವನ್ನೇ ಅದುಮಿಡುತ್ತದೆ. ಅಮೆರಿಕದ ಓಹಿಯೋದಲ್ಲಿ ಸಂಶೋಧಕರು ಹನ್ನೊಂದು ದಂತವೈದ್ಯ ವಿದ್ಯಾರ್ಥಿಗಳ ಅಂಗುಳಲ್ಲಿ 3.5 ಮಿಲಿಮೀಟರ್ ಅಗಲದ ಗಾಯ ಮಾಡಿದರು, ಒಂದು ಬೇಸಿಗೆ ರಜೆಯಲ್ಲಿ, ಇನ್ನೊಂದು ಪರೀಕ್ಷೆಗೆ ಮೂರು ದಿನ ಇರುವಾಗ. ಅದೇ ಬಾಯಿ, ಅಷ್ಟೇ ಗಾಯ. ಪರೀಕ್ಷೆ ಸಮಯದ್ದು ಮಾಯಲು ಸರಾಸರಿ ಶೇ. 40ರಷ್ಟು ಹೆಚ್ಚು ದಿನ ಹಿಡಿಯಿತು. (ಒಪ್ಪಿಕೊಂಡ ವಿದ್ಯಾರ್ಥಿಗಳನ್ನು ಮೆಚ್ಚಲೇಬೇಕು.)

ಹಾರ್ಮೋನಿಗಿಂತ ಸರಳವಾದ ದಾರಿಯೂ ಒಂದಿದೆ. ಅದೇ ದೊಡ್ಡದು ಎಂದು ನನ್ನ ಅನಿಸಿಕೆ. ಹೊಲಿಗೆ ಬಿಚ್ಚಿಹೋದೀತೆಂದು ಹೆದರಿದವರು ಹೊಟ್ಟೆ ಬಿಗಿಹಿಡಿದು ಅಲ್ಲಾಡದೆ ಮಲಗುತ್ತಾರೆ. ಪೂರ್ತಿ ಉಸಿರೆಳೆಯುವುದಿಲ್ಲ, ಕೆಮ್ಮುವುದಿಲ್ಲ, ಎದ್ದು ಓಡಾಡುವುದಿಲ್ಲ. ಕಫ ಕಟ್ಟಿ ನ್ಯುಮೋನಿಯಾ ಬರುವುದು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟುವುದು ಹೀಗೆಯೇ.

ಹಾಗೆಂದು ಇದನ್ನು ಮಂತ್ರ ಮಾಡುವುದು ಬೇಡ. 2016ರಲ್ಲಿ, ವೈದ್ಯಕೀಯ ಅಧ್ಯಯನಗಳನ್ನು ಒಟ್ಟುಹಾಕಿ ತೂಗಿ ನೋಡುವ ಕಾಕ್ರೇನ್ ಸಂಸ್ಥೆಯ ಪರಾಮರ್ಶೆಯೊಂದು 105 ಅಧ್ಯಯನಗಳನ್ನು, ಹತ್ತು ಸಾವಿರಕ್ಕೂ ಹೆಚ್ಚು ರೋಗಿಗಳ ವಿವರಗಳನ್ನು ಜಾಲಾಡಿತು. ಮನಸ್ಸನ್ನು ಮೊದಲೇ ಸಿದ್ಧಪಡಿಸಿದರೆ ನೋವು, ಕಳವಳ ಕಡಿಮೆಯಾದೀತು, ಆಸ್ಪತ್ರೆವಾಸ ಅರ್ಧ ದಿನದಷ್ಟು ಇಳಿದೀತು ಎಂದಿತು. ಪುರಾವೆ ಗಟ್ಟಿಯಿಲ್ಲ ಎಂಬುದನ್ನೂ ಮುಚ್ಚಿಡಲಿಲ್ಲ. ಬರೀ ಕರಪತ್ರ ಕೈಗಿಡುವುದರಿಂದ ಹಿಡಿದು ಸಮ್ಮೋಹನದವರೆಗೆ ಏನೇನೋ ಒಂದೇ ಹೆಸರಿನಡಿ ಬಂದಿದ್ದವು. ಬಾಸ್ಟನ್ನಿನ 2.7 ದಿನ ಈಗ ಸಿಗುವುದೂ ಇಲ್ಲ. ಆಗಿನ ಹಾಗೆ ವಾರಗಟ್ಟಲೆ ಆಸ್ಪತ್ರೆಯಲ್ಲಿ ಇಟ್ಟುಕೊಳ್ಳುವವರಾದರೂ ಯಾರು?

ಈಗ ಎಷ್ಟೋ ಆಪರೇಷನ್‌ಗಳಿಗೆ ಅದೇ ದಿನ ಬೆಳಿಗ್ಗೆ ಅಡ್ಮಿಟ್ ಆಗುವುದರಿಂದ ಹಿಂದಿನ ರಾತ್ರಿಯ ಮಾತುಕತೆಗೆ ಅವಕಾಶವೇ ಇಲ್ಲ. ನಮ್ಮಲ್ಲಿ ಉಳಿದಿರುವುದು 'ಫಿಟ್‌ನೆಸ್'ಗೆಂದು ಅರಿವಳಿಕೆ ತಜ್ಞರನ್ನು ಕಾಣುವ ಆ ಕೆಲವು ನಿಮಿಷ. ಬಿಪಿ, ಇಸಿಜಿ ನೋಡಿ ಮುಗಿಯುವ ಮುನ್ನ ನಾವೇ ಕೇಳಬಹುದು: ಎಲ್ಲಿ ನೋಯುತ್ತದೆ, ಎಷ್ಟು ದಿನ? ಕೆಮ್ಮು ಬಂದರೆ ಹೊಟ್ಟೆ ಹೇಗೆ ಹಿಡಿದುಕೊಳ್ಳಬೇಕು? ಮೊದಲ ಸಲ ಮಂಚದಿಂದ ಇಳಿಯುವುದು ಹೇಗೆ?