ಪದ ಪರಿಚಯ: ಕನಿಕರ

ಕಷ್ಟದಲ್ಲಿರುವವರನ್ನು ಕಂಡಾಗ ನಮ್ಮ ಬಾಯಿಂದ ಮೊದಲು ಬರುವ ಮಾತು ‘ಅಯ್ಯೋ ಪಾಪ’. ಕನ್ನಡ ಬೈಬಲಿನಲ್ಲಿ ಅಂಥ ಜಾಗದಲ್ಲಿ ಬರುವ ಪದ ‘ಕನಿಕರ’. ಎರಡೂ ಒಂದೇ ಅಂತ ತುಂಬಾ ದಿನ ಅಂದುಕೊಂಡಿದ್ದೆ. ಒಂದೇ ಅಲ್ಲ.

ಬೈಬಲಿನ ಎರಡನೇ ಭಾಗವಾದ ಹೊಸ ಒಡಂಬಡಿಕೆಯ ಮೂಲ ಗ್ರೀಕ್‌ನಲ್ಲಿ ಇದಕ್ಕಿರುವ ಕ್ರಿಯಾಪದ ‘ಸ್ಪ್ಲಾಂಖ್ನಿಜೊಮೈ’. ನಾಲಿಗೆ ತೊಡರುತ್ತದೆ, ಆದರೆ ಅರ್ಥ ನಮಗೆ ತೀರಾ ಹತ್ತಿರದ್ದು. ‘ಸ್ಪ್ಲಾಂಖ್ನ’ ಅಂದರೆ ಹೊಟ್ಟೆಯೊಳಗಿನ ಅಂಗಗಳು, ಕರುಳು. ಇನ್ನೊಬ್ಬರ ನೋವು ಕಂಡು ಕರುಳು ಅಲುಗುವುದೇ ಈ ಕ್ರಿಯಾಪದದ ಅರ್ಥ. ಕನ್ನಡದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ, ಅಲ್ವಾ? ‘ಕರುಳು ಚುರುಕ್ ಅಂತು’, ‘ಕರುಳು ಕಿತ್ತು ಬಂತು’ ಅಂತ ನಾವೂ ಹೇಳುತ್ತೇವೆ. ಹಳೆ ಒಡಂಬಡಿಕೆಯ ಹೀಬ್ರೂ ಭಾಷೆಯಲ್ಲಿ ಕರುಣೆಗೆ ‘ರಹಮೀಮ್’ ಎನ್ನುತ್ತಾರೆ. ಅದು ಗರ್ಭ ಎಂಬ ಅರ್ಥದ ‘ರೆಹೆಮ್’ ಪದದ ಬಳಗದ್ದು. ಅಲ್ಲೂ ಕರುಣೆ ಹುಟ್ಟುವುದು ಹೊಟ್ಟೆಯಲ್ಲೇ.

ಅನುಕಂಪ ಅನ್ನುವ ಪದವೂ ನಮ್ಮಲ್ಲಿದೆ. ಆದರೆ ಅದು ಈಗ ‘ಅನುಕಂಪದ ಆಧಾರದ ಮೇಲೆ ನೌಕರಿ’ ಅಂತ ಕಚೇರಿಯ ಫೈಲಿಗೆ ಸೇರಿಹೋಗಿದೆ. ಕನಿಕರ ಇನ್ನೂ ಮನೆಮಾತಿನಲ್ಲೇ ಉಳಿದಿದೆ. ಪಕ್ಕದ ತಮಿಳಿನಲ್ಲಿ ‘ಕನಿ’ ಅಂದರೆ ಹಣ್ಣು, ಹಣ್ಣಾಗಿ ಮೆತ್ತಗಾಗುವುದು. ಕನಿಕರ ಅಂದಾಗಲೆಲ್ಲ ನನಗೆ ಆ ಮೆತ್ತಗಾಗುವುದು ನೆನಪಾಗುತ್ತದೆ.

ಆ ಗ್ರೀಕ್ ಕ್ರಿಯಾಪದ ಹೊಸ ಒಡಂಬಡಿಕೆಯಲ್ಲಿ ಬರುವುದು 12 ಸಲ. ಎಲ್ಲವೂ ಮತ್ತಾಯ, ಮಾರ್ಕ, ಲೂಕರ ಸುವಾರ್ತೆಗಳಲ್ಲೇ, ಅಂದರೆ ಯೇಸುವಿನ ಬದುಕನ್ನು ಹೇಳುವ ಪುಸ್ತಕಗಳಲ್ಲೇ. ಲೂಕನಲ್ಲಿ ಮೂರು ಸಲ. ನಾಯಿನ್ ಊರಿನ ವಿಧವೆ ಒಬ್ಬನೇ ಮಗನ ಹೆಣದ ಹಿಂದೆ ನಡೆಯುವುದನ್ನು ಕಂಡಾಗ ಯೇಸುವಿಗೆ. ಯೇಸು ಹೇಳಿದ ಕಥೆಯೊಂದರಲ್ಲಿ, ಮನೆ ಬಿಟ್ಟುಹೋಗಿ ತಿರುಗಿ ಬರುತ್ತಿರುವ ತಪ್ಪಿಹೋದ ಮಗನನ್ನು ದೂರದಲ್ಲೇ ಕಂಡಾಗ ತಂದೆಗೆ. ಇವೆರಡರ ನಡುವೆ, ಯೇಸುವೇ ಹೇಳಿದ ಒಳ್ಳೆಯ ಸಮಾರ್ಯದವನ ಕಥೆಯಲ್ಲಿ.

ಆ ಕಥೆ ನಡೆಯುವುದು ಯೆರೂಸಲೇಮಿನಿಂದ ಯೆರಿಕೋಗೆ ಇಳಿಯುವ ದಾರಿಯಲ್ಲಿ. ಸುಮಾರು 27 ಕಿಲೋಮೀಟರ್, ಸಾವಿರ ಮೀಟರಿನಷ್ಟು ಇಳಿಜಾರು. ಕಳ್ಳರು ಒಬ್ಬನನ್ನು ಬಡಿದು, ಬಟ್ಟೆಯನ್ನೂ ಕಿತ್ತುಕೊಂಡು, ಅರೆಜೀವ ಮಾಡಿ ಬಿಟ್ಟುಹೋಗಿದ್ದಾರೆ. ದೇವಾಲಯದ ಯಾಜಕ ಬರುತ್ತಾನೆ, ಕಾಣುತ್ತಾನೆ, ಆಚೆ ಬದಿಯಿಂದ ಹೋಗುತ್ತಾನೆ. ದೇವಾಲಯದ ಸೇವೆಯ ಕುಲದವನಾದ ಲೇವಿಯನೂ ಹಾಗೇ. ಮೂರನೆಯವನು ಸಮಾರ್ಯದವನು, ಯೆಹೂದ್ಯರು ದೂರ ಇಟ್ಟಿದ್ದ ಜನದವನು. ಅವನೂ ಕಾಣುತ್ತಾನೆ. ಇಲ್ಲಿ ಗಮನಿಸಿ, ಮೂವರೂ ಕಂಡಿದ್ದಾರೆ. ಕಾಣಲಿಲ್ಲ ಅಂತ ಹೇಳುವ ಹಾಗಿಲ್ಲ. ಸಮಾರ್ಯದವನ ವಿಷಯದಲ್ಲಿ ಮಾತ್ರ ‘ಕಂಡು’ ಆದಮೇಲೆ ‘ಕನಿಕರಿಸಿ’ ಅನ್ನುವ ಪದ ಇದೆ. ಅಲ್ಲಿಂದ ಮುಂದೆ ಬರೀ ಕೆಲಸ: ಹತ್ತಿರ ಹೋದ, ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹೊಯ್ದು ಕಟ್ಟಿದ, ತನ್ನ ಸವಾರಿಯ ಪ್ರಾಣಿಯ ಮೇಲೆ ಹತ್ತಿಸಿಕೊಂಡು ಛತ್ರಕ್ಕೆ ಕರೆದುಕೊಂಡು ಹೋಗಿ ಆರೈಕೆ ಮಾಡಿದ. ಮಾರನೇ ದಿನ ಛತ್ರದವನ ಕೈಗೆ ಎರಡು ದಿನಾರಿ, ಅಂದರೆ ಎರಡು ದಿನದ ಕೂಲಿ, ಕೊಟ್ಟು, ‘ಜಾಸ್ತಿ ಖರ್ಚಾದರೆ ತಿರುಗಿ ಬರುವಾಗ ಕೊಡುತ್ತೇನೆ’ ಅಂದ. ಅವನಿಗೂ ಹೋಗಬೇಕಾದ ಊರಿತ್ತು. ಪ್ರಯಾಣ ಕೈಬಿಡಲಿಲ್ಲ. ಒಂದು ರಾತ್ರಿ ಕೊಟ್ಟ.

ಉಳಿದಿಬ್ಬರನ್ನು ಕಲ್ಲುಮನಸ್ಸಿನವರು ಅಂದುಬಿಡುವುದು ಸುಲಭ. ಅಮೆರಿಕದ ಪ್ರಿನ್ಸ್‌ಟನ್‌ನಲ್ಲಿ ಜಾನ್ ಡಾರ್ಲಿ, ಡೇನಿಯಲ್ ಬ್ಯಾಟ್ಸನ್ ಎಂಬ ಮನಶ್ಶಾಸ್ತ್ರಜ್ಞರು ಮಾಡಿ 1973ರಲ್ಲಿ ಪ್ರಕಟಿಸಿದ ಪ್ರಯೋಗವನ್ನು ಓದಿದ ಮೇಲೆ ನನಗೆ ಹಾಗೆ ಅನ್ನಲು ಆಗುತ್ತಿಲ್ಲ. ಪಾದ್ರಿಗಳಾಗಲು ಓದುತ್ತಿದ್ದವರೂ ಸೇರಿ ಸೆಮಿನರಿಯ, ಅಂದರೆ ಕ್ರೈಸ್ತ ಧರ್ಮಶಾಸ್ತ್ರದ ಕಾಲೇಜಿನ, 40 ವಿದ್ಯಾರ್ಥಿಗಳು. ಇನ್ನೊಂದು ಕಟ್ಟಡಕ್ಕೆ ಹೋಗಿ ಚಿಕ್ಕ ಭಾಷಣ ಮಾಡಬೇಕು. ಕೆಲವರ ವಿಷಯ ಇದೇ ಸಮಾರ್ಯದವನ ಕಥೆ. ದಾರಿಯಲ್ಲಿ ಒಬ್ಬ ಬಾಗಿಲ ಬಳಿ ತಲೆ ತಗ್ಗಿಸಿ ಕುಸಿದು ಕೂತು ಕೆಮ್ಮುತ್ತಿದ್ದಾನೆ. ಅವನನ್ನು ಬೇಕೆಂದೇ ಕೂರಿಸಿದ್ದರು. ಸಮಯ ಇದ್ದವರಲ್ಲಿ ಶೇ 63ರಷ್ಟು ಮಂದಿ ಏನಾದರೂ ಸಹಾಯ ಮಾಡಿದರು. ‘ಆಗಲೇ ತಡವಾಯ್ತು, ಬೇಗ ಹೋಗಿ’ ಅನ್ನಿಸಿಕೊಂಡು ಹೊರಟವರಲ್ಲಿ ಶೇ 10ರಷ್ಟು ಮಾತ್ರ. ಸಮಾರ್ಯದವನ ಬಗ್ಗೆಯೇ ಮಾತಾಡಲು ಹೊರಟವರಲ್ಲೂ ಕೆಲವರು ಆ ಕೆಮ್ಮುತ್ತಿದ್ದವನನ್ನು ದಾಟಿಕೊಂಡು ಹೋದರು. ನಿಲ್ಲದೆ ಹೋದವರಲ್ಲಿ ಹಲವರು ಆ ಕಡೆ ಮುಟ್ಟುವಾಗ ತಳಮಳದಲ್ಲಿದ್ದರು ಅಂತಲೂ ಸಂಶೋಧಕರು ಬರೆದಿದ್ದಾರೆ. ಕರುಳು ಅಲುಗಿರಬೇಕು. ಕಾಲು ನಿಲ್ಲಲಿಲ್ಲ.

ಈ ಪದ ಯೆರಿಕೋ ದಾರಿಯಲ್ಲಿ ಇನ್ನೊಮ್ಮೆ ಬರುತ್ತದೆ, ಮತ್ತಾಯನ 20ನೇ ಅಧ್ಯಾಯದಲ್ಲಿ. ಈ ಸಲ ಯೇಸುವೇ ಯೆರೂಸಲೇಮಿನ ಕಡೆ ಹೊರಟಿದ್ದಾನೆ. ಮುಂದೆ ಇರುವುದು ಶಿಲುಬೆ. ಅದಕ್ಕಿಂತ ದೊಡ್ಡ ಕೆಲಸ ಯಾರಿಗಿತ್ತು? ದಾರಿ ಬದಿಯ ಇಬ್ಬರು ಕುರುಡರು ಕೂಗುತ್ತಾರೆ. ಜನ ಸುಮ್ಮನಿರಿ ಅಂತ ಗದರಿಸುತ್ತಾರೆ. ಯೇಸು ನಿಲ್ಲುತ್ತಾನೆ. ಕರೆದು, ಏನು ಮಾಡಬೇಕು ಅಂತ ಅವರನ್ನೇ ಕೇಳುತ್ತಾನೆ. ಆಮೇಲೆ ಕನಿಕರಪಟ್ಟು ಕಣ್ಣು ಮುಟ್ಟುತ್ತಾನೆ.

ನನಗೆ ಈ ಪದ ಅರ್ಥವಾಗಿದ್ದು ಬೆಂಗಳೂರಿನ ಒಂದು ಬಸ್ ಸ್ಟಾಪಿನಲ್ಲಿ. ದೊಡ್ಡ ಕೆಲಸವೊಂದರ ಸಂದರ್ಶನಕ್ಕೆ ಹೊರಟಿದ್ದೆ. ಒಬ್ಬರು ಅಜ್ಜಿ ಆಸ್ಪತ್ರೆಯ ಚೀಟಿ ಹಿಡಿದು, ಯಾವ ಬಸ್ಸು ಅಂತ ಕಂಡವರನ್ನೆಲ್ಲ ಕೇಳುತ್ತಿದ್ದರು. ಕೈ ನಡುಗುತ್ತಿತ್ತು. ಅಯ್ಯೋ ಪಾಪ ಅನ್ನಿಸಿತು. ಮತ್ತೆ ಫೋನಿನಲ್ಲಿ ಗಂಟೆ ನೋಡಿದೆ. ಎಳನೀರು ಮಾರುತ್ತಿದ್ದವರು ಮಚ್ಚು ಕೆಳಗಿಟ್ಟು ಬಂದರು. ‘ಬನ್ನಿ ಅಜ್ಜಿ, ಇಲ್ಲಿ ಕೂತ್ಕೊಳ್ಳಿ’ ಅಂದರು. ಚೀಟಿಯನ್ನು ಕಣ್ಣಿಂದ ದೂರ ಹಿಡಿದು ನೋಡಿದರು. ಓದಲು ಬರಲಿಲ್ಲ. ಕಾಲೇಜಿನ ಹುಡುಗಿಯೊಬ್ಬಳನ್ನು ಕರೆದು, ‘ಏನಮ್ಮಾ, ಇದರಲ್ಲಿ ಏನ್ ಬರೆದಿದೆ ನೋಡು’ ಅಂದರು. ಬಸ್ಸು ಬರುವವರೆಗೂ ಅಜ್ಜಿಯ ಪಕ್ಕದಲ್ಲೇ ನಿಂತು, ಹತ್ತಿಸಿ, ಇಳಿಸುವ ಜಾಗವನ್ನು ಕಂಡಕ್ಟರಿಗೆ ಎರಡು ಸಲ ಹೇಳಿದರು. ಗಾಡಿಯ ಹತ್ತಿರ ಆಗಲೇ ಮೂವರು ಕಾಯುತ್ತಿದ್ದರು. ವಾಪಸ್ ಬಂದು ಮಚ್ಚು ಎತ್ತಿಕೊಂಡು ಕೇಳಿದರು: ‘ಗಂಜಿ ಇರೋದಾ, ಬರೀ ನೀರಾ?’