ಹಳೇ ಕ್ಯಾಮೆರಾದಲ್ಲಿ ಫೋಟೋ ಮಂಕಾಗಿ ಬರ್ತಿದೆ, ಹೊಸದು ತಗೊಳ್ಳಲಾ?

ಪ್ರಶ್ನೆ: ನನ್ನ ಹತ್ತಿರ 2010ರಲ್ಲಿ ಕೊಂಡ ನಿಕಾನ್ ಡಿ90 ಇದೆ, ಅದರ ಜೊತೆಗೇ ಬಂದ 18–105 ಎಂಎಂ ಜೂಮ್ ಲೆನ್ಸ್ ಇದೆ. ನಮ್ಮದು ಶಿರಸಿ ಕಡೆ. ಹೆಚ್ಚಾಗಿ ಯಕ್ಷಗಾನ ಮತ್ತು ಮನೆಯ ಕಾರ್ಯಕ್ರಮಗಳ ಫೋಟೋ ತೆಗೆಯುತ್ತೇನೆ. ಈಚೆಗೆ ಎಲ್ಲಾ ಫೋಟೋ ಮಂಕು. ಸೆನ್ಸರ್ ಸವೆದಿರಬೇಕು, ಮಿರರ್‌ಲೆಸ್ (ಒಳಗೆ ಕನ್ನಡಿ ಇಲ್ಲದ ಹೊಸ ಬಗೆಯ ಕ್ಯಾಮೆರಾ) ತಗೊಳ್ಳಿ ಅಂತ ಅಂಗಡಿಯವರು ಹೇಳುತ್ತಾರೆ. ತಗೊಳ್ಳಲಾ?

ಈ ಪ್ರಶ್ನೆಗೆ ಎಷ್ಟು ಸಲ ಉತ್ತರ ಬರೆದಿದ್ದೇನೋ ಲೆಕ್ಕವಿಲ್ಲ. ಒಮ್ಮೆ ಡಿ90, ಒಮ್ಮೆ ಕ್ಯಾನನ್ 550ಡಿ, ಇನ್ನೊಮ್ಮೆ 1200ಡಿ. ಕ್ಯಾಮೆರಾ ಬದಲಾದರೂ ‘ಸೆನ್ಸರ್ ಸವೆದಿರಬೇಕು’ ಅನ್ನೋ ಮಾತು ಮಾತ್ರ ಹಾಗೇ ಇರುತ್ತದೆ. ಅದನ್ನು ಮೊದಲು ಇತ್ಯರ್ಥ ಮಾಡಿಬಿಡೋಣ.

ಸೆನ್ಸರ್ ಸವೆಯೋದಕ್ಕೆ ಅದೇನು ಬೈಕಿನ ಟೈರಲ್ಲ. ಅದೊಂದು ಸಿಲಿಕಾನ್ ಚೂರು. ಡಿ90ರಲ್ಲಿ ಅದರ ಅಳತೆ 23.6 x 15.8 ಮಿ.ಮೀ. ಅಷ್ಟರಲ್ಲೇ 1.2 ಕೋಟಿಗೂ ಜಾಸ್ತಿ ಪಿಕ್ಸೆಲ್‌ಗಳಿವೆ. ಬೆಳಕು ಬಿದ್ದಾಗ ಪ್ರತಿ ಪಿಕ್ಸೆಲ್‌ನಲ್ಲೂ ಒಂದಿಷ್ಟು ವಿದ್ಯುತ್ ಚಾರ್ಜ್ ಸೇರುತ್ತದೆ. ಕ್ಯಾಮೆರಾ ಅದನ್ನು ಅಳೆಯುತ್ತದೆ, ಖಾಲಿ ಮಾಡುತ್ತದೆ, ಮುಂದಿನ ಫೋಟೋಗೆ ಸಿದ್ಧವಾಗುತ್ತದೆ. ಇಲ್ಲಿ ಉಜ್ಜುವುದು, ಕರಗುವುದು, ಖರ್ಚಾಗುವುದು ಯಾವುದೂ ಇಲ್ಲ. ಹತ್ತು ಸಾವಿರ ಫೋಟೋ ಆದ ಮೇಲೂ ಬೆಳಕನ್ನು ಹಿಡಿಯುವ ರೀತಿ ಅದೇ.

ಹಾಗಂತ ಸೆನ್ಸರ್‌ಗೆ ವಯಸ್ಸೇ ಆಗೋದಿಲ್ಲ ಅಂತಲ್ಲ. ವರ್ಷ ಕಳೆದಂತೆ ಅಲ್ಲೊಂದು ಇಲ್ಲೊಂದು ಪಿಕ್ಸೆಲ್ ಕೆಟ್ಟು ಕೆಂಪು ಅಥವಾ ಬಿಳಿ ಚುಕ್ಕೆಯಾಗಿ ಕಾಣಬಹುದು. ಕತ್ತಲಲ್ಲಿ ಜಾಸ್ತಿ ಹೊತ್ತು ಶಟರ್ (ಸೆನ್ಸರ್ ಮುಂದಿನ ಪರದೆ) ತೆರೆದಿಟ್ಟಾಗ ಅವು ಎದ್ದು ಕಾಣುತ್ತವೆ. ಆರ್ಕೆಸ್ಟ್ರಾ, ಡಿಜೆ ವೇದಿಕೆಯ ಲೇಸರ್ ನೇರವಾಗಿ ಲೆನ್ಸಿನೊಳಗೆ ಬಿದ್ದರೆ ಸೆನ್ಸರ್ ಸುಟ್ಟುಹೋಗುವುದೂ ಉಂಟು. ಆಗ ಚುಕ್ಕೆ ಬರುತ್ತದೆ, ಗೆರೆ ಬರುತ್ತದೆ. ಇಡೀ ಫೋಟೋ ಮಂಕಾಗುವುದಿಲ್ಲ.

ನಿಜವಾಗಿ ಸವೆಯುವುದು ಶಟರ್. ಡಿ90ರ ಶಟರನ್ನು ಕಂಪನಿಯವರು ಒಂದು ಲಕ್ಷ ಸಲ ಓಡಿಸಿ ಪರೀಕ್ಷೆ ಮಾಡಿದ್ದರು. ನಿಮ್ಮದು ಎಷ್ಟು ಓಡಿದೆ ಅಂತ ನೋಡುವುದು ಸುಲಭ. ನಿಕಾನ್ ಆ ಸಂಖ್ಯೆಯನ್ನು ಪ್ರತಿ ಫೋಟೋ ಫೈಲಿನ ಒಳಗೇ ಬರೆದಿಟ್ಟಿರುತ್ತದೆ. ಶಟರ್ ಕೆಟ್ಟರೆ ಫೋಟೋ ಅರ್ಧ ಕಪ್ಪಾಗಿ ಬರುತ್ತದೆ, ಇಲ್ಲವೇ ಕ್ಯಾಮೆರಾ ಎರರ್ ತೋರಿಸಿ ಸುಮ್ನೆ ನಿಂತುಬಿಡುತ್ತದೆ. ಅದಕ್ಕೂ ಮಂಕಿಗೂ ಸಂಬಂಧವಿಲ್ಲ. ಹಿಡಿಯುವ ಜಾಗದ ರಬ್ಬರ್ ಉಬ್ಬಿ ಬಿಟ್ಟುಕೊಳ್ಳುತ್ತದೆ. ಬ್ಯಾಟರಿ ಸೋಲುತ್ತದೆ, ಡಿ90ರ ಮೆನುವಿನಲ್ಲೇ ಬ್ಯಾಟರಿಯ ವಯಸ್ಸು 0ಯಿಂದ 4ರ ತನಕ ಕಾಣುತ್ತದೆ, 4 ಬಂದರೆ ಬದಲಿಸಿ.

ಇಷ್ಟು ಹೇಳಿದರೂ ನಂಬದವರು ಹಳೇ ಹಾರ್ಡ್‌ಡಿಸ್ಕ್ ಹೊರಗೆ ತೆಗೆಯಿರಿ. 2010ರಲ್ಲಿ ಹಗಲು ಬೆಳಕಿನಲ್ಲಿ, ಐಎಸ್‌ಒ 200ರಲ್ಲಿ ತೆಗೆದ ಒಂದು ಫೋಟೋ ಹುಡುಕಿ (ಐಎಸ್‌ಒ ಅಂದರೆ ಬೆಳಕಿಗೆ ಕ್ಯಾಮೆರಾ ಎಷ್ಟು ಸ್ಪಂದಿಸಬೇಕು ಅನ್ನೋ ಸೆಟ್ಟಿಂಗ್, ಕತ್ತಲಲ್ಲಿ ಏರಿಸುತ್ತೇವೆ). ಇವತ್ತು ಅಂಥದೇ ಬೆಳಕಿನಲ್ಲಿ, ಅದೇ ಸೆಟ್ಟಿಂಗ್‌ನಲ್ಲಿ ಇನ್ನೊಂದು ತೆಗೆಯಿರಿ. ಎರಡನ್ನೂ ಒಂದೇ ಪರದೆಯ ಮೇಲೆ ಅಕ್ಕಪಕ್ಕ ಇಟ್ಟು ನೋಡಿ. ವ್ಯತ್ಯಾಸವೇ ಇಲ್ಲದಿದ್ದರೆ ಬದಲಾಗಿರುವುದು ನಿಮ್ಮ ಕಣ್ಣು. ಮೊಬೈಲು ಒಂದು ಕ್ಲಿಕ್‌ಗೆ ಹಲವು ಫೋಟೋ ತೆಗೆದು ಸೇರಿಸುತ್ತದೆ, ನೆರಳನ್ನು ಬೆಳಗಿಸುತ್ತದೆ, ಬಣ್ಣ ಏರಿಸುತ್ತದೆ. ದಿನವೂ ಅದನ್ನೇ ನೋಡಿದವರಿಗೆ ಡಿ90ರ ಫೋಟೋ ಸಪ್ಪೆ ಅನ್ನಿಸುತ್ತದೆ, ಅಷ್ಟೇ.

ವ್ಯತ್ಯಾಸ ಇದ್ದರೆ? ಮೊದಲು ಸೆಟ್ಟಿಂಗ್ ನೋಡಿ. ಇದೇ ದೂರಿನೊಂದಿಗೆ ಒಬ್ಬರು ಕಳಿಸಿದ ಫೈಲ್ ತೆರೆದರೆ ಮಟಮಟ ಮಧ್ಯಾಹ್ನ ಐಎಸ್‌ಒ 3200, ಅಳತೆ ‘ಸ್ಮಾಲ್’. ಡಿ90ರಲ್ಲಿ ಸ್ಮಾಲ್ ಅಂದರೆ 2144 x 1424, ಬರೀ ಮೂರು ಮೆಗಾಪಿಕ್ಸೆಲ್. ಯಾವುದೋ ರಾತ್ರಿ ಕಾರ್ಯಕ್ರಮಕ್ಕೆ ಬದಲಿಸಿದ್ದು ಹಾಗೇ ಉಳಿದಿತ್ತು. ಅವರು ಹೊಸ ಕ್ಯಾಮೆರಾಕ್ಕೆ ಸಾಲ ಮಾಡಲು ಹೊರಟಿದ್ದರು! ಸೆಟ್ಟಿಂಗ್ ಸರಿ ಇದ್ದರೆ ಲೆನ್ಸಿನ ಮುಂದೆ ಹಾಕಿದ ಫಿಲ್ಟರ್ ಗಾಜನ್ನು ಬಿಚ್ಚಿ ಫೋಟೋ ತೆಗೆದು ನೋಡಿ. ಅದೂ ಅಲ್ಲವಾದರೆ ಲೆನ್ಸ್. ಶಿರಸಿ ಮಳೆ ಕಂಡ ಲೆನ್ಸ್ ಅಂದಮೇಲೆ ನನಗೆ ಅನುಮಾನ ಅದರ ಮೇಲೇ. ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಅಪ್‌ಗ್ರೇಡ್ ವಿಷಯ. ಯಕ್ಷಗಾನಕ್ಕೆ ಡಿ90 ಕಷ್ಟಪಡುತ್ತದೆ, ನಿಜ. ಐಎಸ್‌ಒ 3200 ದಾಟಿದರೆ ಫೋಟೋ ಕಾಳುಕಾಳಾಗುತ್ತದೆ. ಫೋಕಸ್ ಬಿಂದುಗಳು 11, ಅವುಗಳಲ್ಲಿ ನಡುವಿನ ಒಂದೇ ಒಂದು ಕತ್ತಲಲ್ಲಿ ನೆಚ್ಚಿಕೊಳ್ಳುವಂಥದ್ದು. ಆದರೆ ನಿಮ್ಮ 18–105 ಜೂಮ್ ಮಾಡಿದಾಗ ಎಫ್ 5.6ಕ್ಕೆ ಇಳಿಯುತ್ತದೆ, ನೋಡಿ (ಎಫ್ ಸಂಖ್ಯೆ ದೊಡ್ಡದಾದಷ್ಟೂ ಒಳಗೆ ಬರುವ ಬೆಳಕು ಕಡಿಮೆ). ಅದರ ಬದಲು 85 ಎಂಎಂ ಎಫ್ 1.8 ಹಾಕಿದರೆ ಒಳಗೆ ಬರುವ ಬೆಳಕು ಒಂಬತ್ತು ಪಟ್ಟಿಗೂ ಜಾಸ್ತಿ. ಅಂದರೆ 1/60 ಸೆಕೆಂಡ್ ಸಿಗುತ್ತಿದ್ದ ಕಡೆ 1/500 ಸಿಗುತ್ತದೆ. ಮಂಡಿ ಹಾಕಿ ತಿರುಗುವಾಗ ಫೋಟೋದಲ್ಲಿ ವೇಷ ಅಲುಗಾಡದೆ ನಿಲ್ಲಬೇಕಾದರೆ ಬೇಕಾದ್ದು ಇದೇ. ಬರೀ ಬಾಡಿ (ಲೆನ್ಸ್ ಬಿಟ್ಟು ಉಳಿದ ಕ್ಯಾಮೆರಾ) ಬದಲಿಸಿ ಮತ್ತೆ ಅದರ ಜೊತೆಗೆ ಬರುವ ಕಿಟ್ ಲೆನ್ಸ್ ಹಾಕಿಕೊಂಡರೆ ಇಷ್ಟು ಲಾಭ ಸಿಗುವುದಿಲ್ಲ. ಮೊದಲು ಲೆನ್ಸ್ ತಗೊಳ್ಳಿ, ಸೆಕೆಂಡ್ ಹ್ಯಾಂಡ್ ಆದರೂ ಸಾಕು. ‘ಜಿ’ ಅಂತ ಇರುವ 85 ಎಂಎಂ 1.8 ಆದರೆ ಮುಂದೆ ಅಡಾಪ್ಟರ್ ಹಾಕಿ ನಿಕಾನ್ ಮಿರರ್‌ಲೆಸ್‌ನಲ್ಲೂ ಬಳಸಬಹುದು. ಹೆಸರಿನಲ್ಲಿ ‘ಡಿ’ ಇರುವ ಹಳೇ ಲೆನ್ಸ್‌ಗಳಲ್ಲಿ ಹೆಚ್ಚಿನವುಗಳ ಒಳಗೆ ಫೋಕಸ್ ಮೋಟಾರ್ ಇಲ್ಲ. ಡಿ90ರ ಬಾಡಿಯಲ್ಲೇ ಮೋಟಾರ್ ಇರುವುದರಿಂದ ಅವು ಇಲ್ಲಿ ಫೋಕಸ್ ಆಗುತ್ತವೆ. ಮಿರರ್‌ಲೆಸ್‌ಗೆ ಹಾಕುವ ನಿಕಾನ್‌ನ ಎಫ್‌ಟಿಝಡ್ ಅಡಾಪ್ಟರ್‌ನಲ್ಲಿ ಮೋಟಾರ್ ಇಲ್ಲ, ಹಾಗಾಗಿ ಅಲ್ಲಿ ಕೈಯಲ್ಲೇ ಫೋಕಸ್ ಮಾಡಬೇಕಾಗುತ್ತದೆ.

ವಿಡಿಯೋಗೆ ನನ್ನ ಉತ್ತರ ಬೇರೆ. ಡಿ90 ವಿಡಿಯೋ ತೆಗೆದ ಮೊದಲ ಡಿಎಸ್‌ಎಲ್‌ಆರ್ (ಒಳಗೆ ಕನ್ನಡಿ ಇರುವ ಕ್ಯಾಮೆರಾ) ಹೌದು, 2008ರಲ್ಲಿ. ಆದರೆ 720ಪಿ, ಒಂದು ತುಣುಕಿಗೆ ಐದೇ ನಿಮಿಷ, ರೆಕಾರ್ಡ್ ಆಗುವಾಗ ಆಟೋಫೋಕಸ್ ಇಲ್ಲ. ವಿಡಿಯೋ ಮಾಡುವವರು ಯೋಚನೆ ಮಾಡದೆ ಹೊಸದು ತಗೊಳ್ಳಿ.

ಇನ್ನು ಲೆನ್ಸ್. ಅದನ್ನು ಕ್ಯಾಮೆರಾದಿಂದ ಬಿಚ್ಚಿ. ಹಿಂದುಗಡೆಯ ಚಿಕ್ಕ ಲಿವರನ್ನು ಬೆರಳಿನಿಂದ ಮೆಲ್ಲಗೆ ಸರಿಸಿದರೆ ಒಳಗೆ ಬೆಳಕಿನ ಕಿಂಡಿ ಮುಚ್ಚುವ ಎಲೆಗಳು ತೆರೆದುಕೊಳ್ಳುತ್ತವೆ. ಒಂದು ಕಡೆಯಿಂದ ಮೊಬೈಲ್ ಟಾರ್ಚ್ ಬಿಟ್ಟು ಇನ್ನೊಂದು ಕಡೆಯಿಂದ ಸ್ವಲ್ಪ ಓರೆಯಾಗಿ ನೋಡಿ. ಜೇಡರ ಬಲೆಯಂಥ ಸಣ್ಣ ಎಳೆಗಳು ಗಾಜಿನ ಅಂಚಿನಿಂದ ಒಳಗೆ ಹಬ್ಬಿದ್ದರೆ ಅದೇ ಫಂಗಸ್, ಅಂದರೆ ಬೂಷ್ಟು; ಮಂಕಿಗೆ ಅದೇ ಕಾರಣವಿರಬಹುದು. ಬೇಗ ಕಂಡರೆ ಬಿಚ್ಚಿ ಒರೆಸಿದರೆ ಹೋಗುತ್ತದೆ. ತಡವಾದರೆ ಗಾಜಿನ ಮೇಲಿನ ಕೋಟಿಂಗನ್ನೇ ತಿಂದುಹಾಕುತ್ತದೆ, ಆ ಗುರುತು ಹೋಗುವುದಿಲ್ಲ. ಬಿಸಿಲಿಗಿಟ್ಟರೆ ಹೋಗುತ್ತೆ ಅನ್ನುವವರಿದ್ದಾರೆ. ಬೆಳೆದ ಎಳೆ ಬಿಸಿಲಿಗೆ ಉದುರುವುದಿಲ್ಲ.

ನೀವು ಕೇಳಲಿಲ್ಲ, ಆದರೂ ಹೇಳುತ್ತೇನೆ: ಕ್ಯಾಮೆರಾ ಬ್ಯಾಗು ಕ್ಯಾಮೆರಾ ಇಡುವ ಜಾಗವಲ್ಲ. ಬ್ಯಾಗಿನ ಬಟ್ಟೆ, ಸ್ಪಂಜು ಎರಡೂ ತೇವ ಹಿಡಿದಿಟ್ಟುಕೊಳ್ಳುತ್ತವೆ. ಅದನ್ನು ಕಪಾಟಿನ ಕತ್ತಲಲ್ಲಿಟ್ಟರೆ ಫಂಗಸ್‌ಗೆ ಅದಕ್ಕಿಂತ ಸುಖದ ಜಾಗ ಇನ್ನೊಂದಿಲ್ಲ. ಗಾಳಿಯಾಡದ ಪ್ಲಾಸ್ಟಿಕ್ ಡಬ್ಬ, ಒಳಗೆ ತೇವ ಹೀರುವ ಸಿಲಿಕಾ ಜೆಲ್, ಜೊತೆಗೆ ತೇವ ತೋರಿಸುವ ಒಂದು ಸಣ್ಣ ಮೀಟರ್, ಇಷ್ಟು ಸಾಕು. ಮೀಟರ್ ಶೇಕಡಾ 40ರಿಂದ 50ರ ಒಳಗಿರಲಿ. ನುಸಿ ಗುಳಿಗೆ, ಕರ್ಪೂರ ಹಾಕಬೇಡಿ, ಕ್ಯಾಮೆರಾ ಪುಸ್ತಕದಲ್ಲೇ ಬೇಡ ಅಂತ ಬರೆದಿರುತ್ತದೆ. ಬಚ್ಚಲ ಒಲೆ ಮೇಲಿನ ಅಟ್ಟದಲ್ಲಿ ಬೆಚ್ಚಗಿರುತ್ತೆ ಅಂತ ಅಲ್ಲಿಟ್ಟವರೂ ಇದ್ದಾರೆ. ಹೊಗೆ ಕುಡಿದ ಲೆನ್ಸ್ ಏನಾಗುತ್ತದೆ ಅಂತ ನಾನು ಬೇರೆ ಹೇಳಬೇಕಾ? ನೀಲಿ ಸಿಲಿಕಾ ಜೆಲ್ ಗುಲಾಬಿ ಬಣ್ಣಕ್ಕೆ ತಿರುಗಿದರೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ಮತ್ತೆ ನೀಲಿಯಾಗುವ ತನಕ ಬಿಸಿ ಮಾಡಿ. ಆ ಬಾಣಲೆಯನ್ನು ಮಾತ್ರ ಮತ್ತೆ ಅಡುಗೆಗೆ ಇಟ್ಟುಕೊಳ್ಳಬೇಡಿ.