ಮೀಸಲು ಕುರ್ಚಿ ಮತ್ತು ನಾಲ್ಕೂವರೆಯ ಸಭೆ

ಕಳೆದ ಮಳೆಗಾಲದಲ್ಲಿ ಶಿರಸಿಯ ಒಂದು ಸಹಕಾರಿ ಸಂಘದ ಮಹಡಿಯಲ್ಲಿ ‘ಒಳಗೊಳ್ಳುವ ನಾಯಕತ್ವ’ದ ಬಗ್ಗೆ ಒಂದು ದಿನದ ತರಬೇತಿ ನಡೆಯಿತು. ಬೆಂಗಳೂರಿನಿಂದ ಬಂದಿದ್ದ ಸಲಹೆಗಾರರು ನಿರ್ದೇಶಕರು, ಗುಮಾಸ್ತರು, ಹಮಾಲರು ಎಲ್ಲರನ್ನೂ ಒಂದೇ ಗೆರೆಯ ಮೇಲೆ ನಿಲ್ಲಿಸಿದರು. ಪ್ರಶ್ನೆಗಳನ್ನು ಈ ಸೀಮೆಗೆ ಹೊಂದುವಂತೆ ತಿದ್ದಿಕೊಂಡೇ ಬಂದಿದ್ದರು. ಮನೆಗೆ ತೋಟವಿದ್ದವರು ಒಂದು ಹೆಜ್ಜೆ ಮುಂದೆ. ಪಹಣಿಯಲ್ಲಿ ಸ್ವಂತ ಹೆಸರಿದ್ದರೆ ಇನ್ನೊಂದು. ಸಂಜೆ ಸಭೆಗೆ ಹೊರಡುವಾಗ ಮನೆಯಲ್ಲಿ ಯಾರನ್ನೂ ಕೇಳಬೇಕಿಲ್ಲವಾದರೆ ಮತ್ತೊಂದು. ಆರೇಳು ಪ್ರಶ್ನೆ ಮುಗಿಯುವಷ್ಟರಲ್ಲಿ ಹಿರಿಯ ನಿರ್ದೇಶಕರು ಎದುರಿನ ಗೋಡೆ ಮುಟ್ಟಿದ್ದರು. ಅಡಿಕೆ ಆರಿಸುವ ಇಬ್ಬರು ಹೆಂಗಸರು ಮೊದಲ ಗೆರೆಯ ಮೇಲೇ ಇದ್ದರು. ಯಾರೋ ನಕ್ಕರು. ಅಷ್ಟರಲ್ಲಿ ಊಟಕ್ಕೆ ಕರೆ ಬಂತು.

ಈ ಬಗೆಯ ತರಬೇತಿ ಕಾನೂನಿನ ಒತ್ತಾಯವೋ, ಲೆಕ್ಕಪತ್ರಕ್ಕೆ ಬೇಕಾದ ಕಾಗದವೋ, ಹೊಸ ಫ್ಯಾಷನ್ನೋ ಎಂದು ಸಂಘಗಳವರು ಕೇಳುತ್ತಾರೆ. ಮೂರೂ ಸ್ವಲ್ಪ ಸ್ವಲ್ಪ ಹೌದು. ಬ್ಯಾನರಿನ ಮೇಲೆ ಸಮಾನತೆ, ಸಮತೆ ಎಂಬ ಎರಡು ಪದಗಳೂ ಒತ್ತೊತ್ತಾಗಿ ನಿಂತು ಗೊಂದಲ ಹೆಚ್ಚಿಸುತ್ತವೆ. ಸಭೆಯ ನೋಟಿಸನ್ನು ಎಲ್ಲರಿಗೂ ಕಳಿಸುವುದು ಸಮಾನತೆ. ಎಲ್ಲರೂ ಬಂದು ತಲುಪಬಹುದಾದ ಹೊತ್ತಿಗೆ ಸಭೆ ಇಡುವುದು ಸಮತೆ.

ಹೊರಗಿನ ಕಥೆ ಬೇಗ ಮುಗಿಯುತ್ತದೆ. ಅಮೆರಿಕದಲ್ಲಿ 1964ರ ನಾಗರಿಕ ಹಕ್ಕುಗಳ ಕಾಯ್ದೆಯ ನಂತರ ಮೊಕದ್ದಮೆಗಳ ಭಯಕ್ಕೆ ಕಂಪನಿಗಳು ತರಬೇತಿ ಕೊಡಿಸತೊಡಗಿದವು; ಅದೇ ಬೆಳೆದು ಉದ್ಯಮವಾಯಿತು; 2020ರಲ್ಲಿ ಪೊಲೀಸರ ಕೈಯಲ್ಲಿ ಕಪ್ಪುವರ್ಣೀಯ ಜಾರ್ಜ್ ಫ್ಲಾಯ್ಡ್ ಹತ್ಯೆಯಾದ ಬಳಿಕ ಉಬ್ಬಿತು; 2025ರ ಜನವರಿಯಲ್ಲಿ ಅಧ್ಯಕ್ಷರ ಆದೇಶದಿಂದ ಅಲ್ಲಿನ ಸರ್ಕಾರಿ ಕಚೇರಿಗಳಲ್ಲಿ ಬಾಗಿಲು ಹಾಕಿತು. ಅಲ್ಲಿ ಬ್ಯಾನರ್ ಇಳಿಸುವ ಹೊತ್ತಿಗೆ ಇಲ್ಲಿ ಕಟ್ಟುತ್ತಿದ್ದೇವೆ. ನಮ್ಮಲ್ಲಿ ಕೆಲಸದ ಜಾಗದ ಲೈಂಗಿಕ ಕಿರುಕುಳದ ಬಗ್ಗೆ ಸುಪ್ರೀಂ ಕೋರ್ಟ್ ಕೊಟ್ಟ 1997ರ ವಿಶಾಖಾ ತೀರ್ಪು, ಅದನ್ನು ಹಿಂಬಾಲಿಸಿ 2013ರ ಲೈಂಗಿಕ ಕಿರುಕುಳ ತಡೆ ಕಾಯ್ದೆ ಬಂದವು. ಹತ್ತು ಅಥವಾ ಹೆಚ್ಚು ಜನ ದುಡಿಯುವ ಕಡೆಯೆಲ್ಲ ಆಂತರಿಕ ಸಮಿತಿ ಇರಬೇಕು, ಅದರಲ್ಲಿ ಹೊರಗಿನ ಸದಸ್ಯರೊಬ್ಬರಿರಬೇಕು ಎಂದಾಯಿತು. ಆ ಹೊರಗಿನವರನ್ನು ಹುಡುಕುತ್ತಾ ಹೋದಾಗ ಸಿಕ್ಕವರಲ್ಲಿ ಅನೇಕರು ಈಗ ಸಲಹೆಗಾರರು.

ನಮ್ಮ ಜಿಲ್ಲೆಯ ಕಥೆಗೆ ಬೇರೆ ಬೇರು. ಮೈಸೂರಿನಲ್ಲಿ 1918ರಷ್ಟು ಹಿಂದೆಯೇ ಮಿಲ್ಲರ್ ಸಮಿತಿ ನೇಮಕವಾಗಿ, ಸರ್ಕಾರಿ ನೌಕರಿಯಲ್ಲಿ ಯಾರಿಗೆಷ್ಟು ಪಾಲು ಎಂಬ ಚರ್ಚೆ ಎದ್ದಿತ್ತು. ಆದರೆ ಉತ್ತರ ಕನ್ನಡ 1956ರ ನವೆಂಬರ್ ಒಂದರವರೆಗೂ ಮುಂಬೈ ಕಡೆಗೇ ಇತ್ತು. ಮೈಸೂರಿನ ಗಾಳಿ ಘಟ್ಟದ ಈ ಮಗ್ಗುಲಿಗೆ ಬೀಸಲಿಲ್ಲ. ಇಲ್ಲಿ ಸಾಮಾನ್ಯ ಮನುಷ್ಯ ಸಂಸ್ಥೆಯೆಂಬುದನ್ನು ಮೊದಲು ಕಂಡದ್ದು ಸಹಕಾರ ಸಂಘದ ರೂಪದಲ್ಲಿ. ಶಿರಸಿಯಲ್ಲಿ ತೋಟಗಾರರ ಮಾರಾಟ ಸಂಘ ಹುಟ್ಟಿದ್ದು 1923ರಲ್ಲಿ. ಬೆಳೆಗಾರನನ್ನು ದಲಾಲಿಯ ಕೈಯಿಂದ ಬಿಡಿಸಿದ್ದೇ ಆ ಕಾಲದ ದೊಡ್ಡ ಕ್ರಾಂತಿ. ಮುಂದೆ ಕರಾವಳಿಯಲ್ಲಿ ದಿನಕರ ದೇಸಾಯಿಯವರ ರೈತ ಹೋರಾಟ, 1974ರ ಭೂಸುಧಾರಣೆ ತಿದ್ದುಪಡಿ. ‘ಉಳುವವನೇ ಹೊಲದೊಡೆಯ’ ಎಂದು ಊರೂರಲ್ಲಿ ಕೂಗಿದರು. ಆ ಘೋಷಣೆ ವ್ಯಾಕರಣಕ್ಕೆ ತಕ್ಕ ಹಾಗೆ ಜಾರಿಗೆ ಬಂತು: ನೆಟ್ಟಿ ನೆಡುತ್ತಿದ್ದವಳ ಹೆಸರು ಪಹಣಿಗೆ ಏರಿದ್ದು ಅಪರೂಪ.

ತೊಡಕು ಇರುವುದು ಇಲ್ಲೇ. ಮಾರಾಟ ಸಂಘದ ಸದಸ್ಯರಾಗಲು ಬೆಳೆಗಾರರಾಗಿರಬೇಕು, ಬೆಳೆಗಾರರೆಂಬುದಕ್ಕೆ ಬಹುಮಟ್ಟಿಗೆ ಪಹಣಿಯೇ ಪುರಾವೆ. ಹೆಸರು ಪಹಣಿಯಲ್ಲಿಲ್ಲವೆಂದರೆ ಷೇರಿಲ್ಲ, ಷೇರಿಲ್ಲವೆಂದರೆ ಮತವಿಲ್ಲ, ಮತವಿಲ್ಲದವರು ಚುನಾವಣೆಗೆ ನಿಲ್ಲುವ ಮಾತೆಲ್ಲಿ? ಕರ್ನಾಟಕ 1994ರಲ್ಲೇ ಹೆಣ್ಣುಮಕ್ಕಳಿಗೆ ಪಿತ್ರಾರ್ಜಿತದಲ್ಲಿ ಪಾಲು ಕೊಟ್ಟಿತು, ಕೇಂದ್ರ 2005ರಲ್ಲಿ. ಆದರೆ ಉಪನೋಂದಣಿ ಕಚೇರಿಯ ಬೆಂಚಿನ ಮೇಲೆ ಅಣ್ಣ–ತಮ್ಮಂದಿರ ಪಕ್ಕ ಕುಳಿತು ‘ಅರಿಶಿನ ಕುಂಕುಮಕ್ಕೆ’ ಎಂದು ಒಂದಿಷ್ಟು ಪಡೆದು ಹಕ್ಕು ಬಿಡುಗಡೆ ಪತ್ರಕ್ಕೆ ಸಹಿ ಹಾಕುವ ಅಕ್ಕ–ತಂಗಿಯರನ್ನು ಇಂದಿಗೂ ನೋಡಬಹುದು. ಆಫ್ರಿಕಾ ಮೂಲದ ಸಿದ್ದಿಗಳದು ಇನ್ನೊಂದು ಬಗೆ. 2003ರಲ್ಲಿ ಪರಿಶಿಷ್ಟ ಪಂಗಡಕ್ಕೆ ಸೇರಿದರೂ, ಅನೇಕ ಕುಟುಂಬಗಳ ಸಾಗುವಳಿ ಕಾಡಿನ ಅತಿಕ್ರಮಣ ಜಾಗದಲ್ಲಿ. ಅಲ್ಲಿ ಪಹಣಿಯ ಪ್ರಶ್ನೆಯೇ ಬರುವುದಿಲ್ಲ. ಕಾರವಾರ, ಅಂಕೋಲೆಯ ಪೇಟೆಯಲ್ಲಿ ಮೀನಿನ ಬುಟ್ಟಿಯ ಮುಂದೆ ಕೂರುವವಳ ಮಾತೂ ಅಷ್ಟೇ. ದೋಣಿಯ ಕಾಗದ ಅವಳ ಹೆಸರಿನಲ್ಲಿರುವುದಿಲ್ಲ.

2012ರಲ್ಲಿ ಸಂವಿಧಾನದ 97ನೇ ತಿದ್ದುಪಡಿ ಜಾರಿಗೆ ಬಂತು. ಸಹಕಾರ ಸಂಘಗಳ ಆಡಳಿತ ಮಂಡಳಿಯಲ್ಲಿ ಇಬ್ಬರು ಮಹಿಳೆಯರಿಗೆ, ಪರಿಶಿಷ್ಟರಲ್ಲಿ ಒಬ್ಬರಿಗೆ ಸ್ಥಾನ ಎಂದಿತು. 2021ರ ಜುಲೈಯಲ್ಲಿ ಸುಪ್ರೀಂ ಕೋರ್ಟ್, ಸಹಕಾರ ರಾಜ್ಯದ ವಿಷಯವೆಂದು, ಬಹುರಾಜ್ಯ ಸಂಘಗಳಿಗೆ ಸಂಬಂಧಿಸಿದ್ದನ್ನು ಬಿಟ್ಟು ಉಳಿದ ಭಾಗವನ್ನು ರದ್ದು ಮಾಡಿತು. ರಾಜ್ಯದ ಕಾಯ್ದೆಯಲ್ಲೂ ಮೀಸಲು ಇದ್ದುದರಿಂದ ಇಲ್ಲಿ ಕುರ್ಚಿ ಕದಲಲಿಲ್ಲ. ಕುಳಿತದ್ದು ಯಾರು? ಮತವಿರುವ ಹೆಂಗಸರೇ ಕಡಿಮೆಯಾದಾಗ ಹೆಸರು ಹುಡುಕುವುದು ಇದ್ದ ನಿರ್ದೇಶಕರ ಮನೆಯಲ್ಲೇ. ಇದನ್ನು ಯಾರ ಸಂಚೆಂದೂ ಹೇಳಲಾಗದು. ನಾಮಪತ್ರದ ಕೊನೆಯ ದಿನ ಕೈಗೆ ಸಿಗುವವರು ಅವರೇ.

ಮೇಲೆ ಹೇಳಿದ ಸಂಘದ ನಿರ್ದೇಶಕಿಯೊಬ್ಬರು ಮಾತ್ರ ಹಾಗೆ ಬಂದವರಲ್ಲ. ಹುಲೇಕಲ್ ಆಚೆಯ ಹಳ್ಳಿಯವರು, ಗಂಡ ತೀರಿಕೊಂಡ ಮೇಲೆ ಪಹಣಿ ಇವರ ಹೆಸರಿಗೆ ಬಂತು. ಸಭೆ ಸಂಜೆ ನಾಲ್ಕೂವರೆಗೆ. ಪೇಟೆಯ ವಹಿವಾಟು ಮುಗಿದ ಮೇಲೆ ಕೂರುವುದು ಹಳೆಯ ರೂಢಿ. ಇವರ ಊರಿನ ಬಸ್ಸು ಐದೂಕಾಲಕ್ಕೆ. ಹಾಗಾಗಿ ಬಾಗಿಲ ಪಕ್ಕದ ಕುರ್ಚಿ ಇವರದು, ಚೀಲ ಮಡಿಲಲ್ಲಿ. ಹಿಂದಿನ ಸಭೆಯ ನಡಾವಳಿ ಓದಿ, ಚಹಾ ಬಂದು, ಸಾಲದ ಅರ್ಜಿಗಳು ತೆರೆಯುವ ಹೊತ್ತಿಗೆ ಇವರು ಎದ್ದಿರುತ್ತಿದ್ದರು. ಠರಾವಿನ ಕೆಳಗೆ ಇವರ ಸಹಿಯನ್ನು ಮಾತ್ರ ಸಂಘದವರು ಮರುದಿನ ಗುಮಾಸ್ತರ ಕೈಯಲ್ಲಿ ಪುಸ್ತಕವನ್ನು ಮನೆಗೇ ಕಳಿಸಿ ತರಿಸಿಕೊಳ್ಳುತ್ತಿದ್ದರು. ಹಾಜರಿಯಲ್ಲಿ ನೂರಕ್ಕೆ ನೂರು.

ತರಬೇತಿಯ ಕೊನೆಗೆ ಸಲಹೆಗಾರರು ಕೊಟ್ಟ ವರದಿ ಅಂದವಾಗಿಯೇ ಇತ್ತು. ಎಲ್ಲರ ಮಾತಿಗೂ ಸಮಯ ಕೊಡಬೇಕು, ಆರಿಸುವ ವಿಭಾಗದವರ ಅಹವಾಲನ್ನು ಮೂರು ತಿಂಗಳಿಗೊಮ್ಮೆ ಮಂಡಳಿಯೇ ಕೇಳಬೇಕು, ಸಭೆಯ ಹೊತ್ತನ್ನು ಮರುಪರಿಶೀಲಿಸಬೇಕು. ಕೊನೆಯದನ್ನು ನಿರ್ದೇಶಕಿ ಎರಡು ವರ್ಷದಿಂದ ಹೇಳುತ್ತಿದ್ದರು, ಶುಲ್ಕವಿಲ್ಲದೆ. ಸಲಹೆಗಾರರ ಕೆಲಸ ವ್ಯರ್ಥವೆಂದು ಹೇಳುತ್ತಿಲ್ಲ. ಒಳಗಿನವರು ಹೇಳಿದರೆ ದೂರು, ಹೊರಗಿನವರು ಹೇಳಿದರೆ ಶಿಫಾರಸು. ಆ ವ್ಯತ್ಯಾಸಕ್ಕೆ ಹಣ ಕೊಡುವುದೂ ಕೆಲವೊಮ್ಮೆ ಲಾಭವೇ. ಆದರೆ ಅವರು ಸಂಜೆಯ ಬಸ್ಸಿಗೆ ಹೊರಟ ಮೇಲೆ ವರದಿಯನ್ನು ಮತ್ತೆ ತೆರೆಯುವ ಹೊಣೆ ಯಾರದೆಂದು ಎಲ್ಲೂ ಬರೆದಿರುವುದಿಲ್ಲ, ಬೈಲಾದಲ್ಲೂ.

ಈಗ ಆ ಸಂಘದ ಸಭೆ ಬೆಳಿಗ್ಗೆ ಹನ್ನೊಂದಕ್ಕೆ. ನಿರ್ದೇಶಕಿ ಬಾಗಿಲ ಪಕ್ಕದಿಂದ ಎದ್ದು ಮೇಜಿನ ನಡುವಿಗೆ ಬಂದಿದ್ದಾರೆ, ಕಳೆದ ತಿಂಗಳು ಒಂದು ಸಾಲದ ಅರ್ಜಿಯನ್ನು ತಡೆಹಿಡಿಸಿದರಂತೆ. ಹೊತ್ತು ಬದಲಾದ ಠರಾವನ್ನು ನಡಾವಳಿ ಪುಸ್ತಕದಲ್ಲಿ ಓದಿದೆ. ತರಬೇತಿಯ ಮಾತು ಅದರಲ್ಲಿಲ್ಲ, ನಿರ್ದೇಶಕಿಯ ಅರ್ಜಿಯ ಮಾತೂ ಇಲ್ಲ. ‘ಮಾನ್ಯ ಅಧ್ಯಕ್ಷರಿಗೆ ಕಣ್ಣಿನ ಪೊರೆಯ ಶಸ್ತ್ರಚಿಕಿತ್ಸೆಯಾಗಿದ್ದು, ಕತ್ತಲಾದ ಮೇಲೆ ವಾಹನ ಚಲಾಯಿಸಬಾರದೆಂದು ವೈದ್ಯರು ತಿಳಿಸಿರುವುದರಿಂದ’ ಎಂದಿದೆ.